ಹಿಮದ ಬೂಟಿಗೊಂದು ಸ್ಪ್ರಿಂಗ್ ತಕ್ಕಡಿ

ಅಂಗಡಿಯವನು ನನ್ನನ್ನು ಸರ್ಕಾರದ ಕಡೆಯಿಂದ ಬಂದ ಇನ್ಸ್‌ಪೆಕ್ಟರ್ ಅಂದುಕೊಂಡುಬಿಟ್ಟ.

ಅವನದೇನೂ ತಪ್ಪಿಲ್ಲ ಬಿಡಿ. ಸೂಟ್‌ಕೇಸ್ ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಜೇಬಿನಿಂದ ಹೊರಗೆ ತೆಗೆದು, ಅವನ ಅಂಗಡಿಯ ಬೂಟೊಂದನ್ನು ಕೊಕ್ಕೆಗೆ ಸಿಕ್ಕಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಿದ್ದೆ. ಅಕ್ಕಪಕ್ಕದ ಗಿರಾಕಿಗಳು ತಮ್ಮ ವ್ಯಾಪಾರ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ನನ್ನ ಹೆಂಡತಿ ವಸುಧಾ ಮೆಲ್ಲಗೆ ಪಕ್ಕದ ಸಾಲಿಗೆ ಸರಿದು, ಅಲ್ಲಿದ್ದ ಕೈಗವಸುಗಳಲ್ಲಿ ಭಾರಿ ಆಸಕ್ತಿ ತೋರಿಸತೊಡಗಿದಳು. ನಮ್ಮಿಬ್ಬರಿಗೆ ಮದುವೆಯಾಗಿದೆ ಎಂದು ಯಾರೂ ಹೇಳುವಂತಿರಲಿಲ್ಲ.

(ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮವರ ಮನೆಗಳಲ್ಲಿ ಕುಕ್ಕರ್ ಇಲ್ಲದಿದ್ದರೂ ಈ ತಕ್ಕಡಿ ಇರುತ್ತದೆ. ಏರ್‌ಪೋರ್ಟ್ ಕೌಂಟರಿನ ಮುಂದೆ ಸೂಟ್‌ಕೇಸ್ ಬಿಚ್ಚಿ, ಅಕ್ಕನ ಮಕ್ಕಳಿಗೆ ಒಯ್ಯುತ್ತಿದ್ದ ಶಾಂಪೂ ಬಾಟಲಿಗಳನ್ನು ಊರವರೆದುರು ಹೊರಗಿಟ್ಟ ಅವಮಾನ ಒಮ್ಮೆ ಆದವರು ಅದನ್ನು ಪ್ರಾಣಕ್ಕಿಂತ ಹೆಚ್ಚಾಗಿ ಕಾಪಾಡಿಕೊಳ್ಳುತ್ತಾರೆ.)

"ಯಾವ ಆಫೀಸಿನವರು ನೀವು?" ಎಂದು ಅಂಗಡಿಯವನು ದನಿ ತಗ್ಗಿಸಿ ಕೇಳಿದ. ಗಡ್ಡದ ಮನುಷ್ಯ. ಹೆಸರು ರಿಕ್ ಎಂದು ಅಂಗಿಯ ಮೇಲಿತ್ತು.

"ಯಾವ ಆಫೀಸೂ ಇಲ್ಲ. ಗಿರಾಕಿ."

"ತೂಕ ಚೀಟಿಯಲ್ಲೇ ಬರೆದಿದೆಯಲ್ಲ ಸರ್."

"ಅದಕ್ಕೇ ತೂಗುತ್ತಿರುವುದು," ಎಂದೆ.

ಮುಳ್ಳು ಚೀಟಿಯ ಲೆಕ್ಕವನ್ನು ದಾಟಿ ಆಚೆ ಹೋಗಿ ನಿಂತಿತು. ನೋಡಿದಿರಾ? ಕೇಳಿದರೆ ರಿಕ್ ತಲೆ ಕೆರೆದುಕೊಂಡ. ಚೀಟಿಯ ತೂಕ ಎಲ್ಲಕ್ಕಿಂತ ಚಿಕ್ಕ ಸೈಜಿನದಂತೆ. ಅದೂ ಒಳಗಿನ ಮೆತ್ತನೆಯ ಒಳಬೂಟನ್ನು ಬಿಟ್ಟು! ಒಳಬೂಟಿಲ್ಲದೆ ಬರೀ ಪ್ಲಾಸ್ಟಿಕ್ ಚಿಪ್ಪಿಗೆ ಕಾಲು ತೂರಿಸುವ ಪುಣ್ಯಾತ್ಮರು ಯಾರಾದರೂ ಇದ್ದಾರೆಯೇ?

ಈ ಅಂಕಣವನ್ನು ವಾರವಾರ ಓದುವವರಿಗೆ ನನ್ನ ಕಸುಬು ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ. ಲಾಸ್ ಏಂಜಲೀಸಿನ ಚಾಟ್ಸ್‌ವರ್ತ್ ಕಡೆ, ವಿಮಾನಗಳಿಗೆ ಬೋಲ್ಟು ನಟ್ಟು ಮಾಡುವ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ನಾನು ಕ್ವಾಲಿಟಿ ಇಂಜಿನಿಯರ್. ಎಲ್ಲರೂ ಸರಿಯಾಗಿದೆ ಎಂದು ಸಹಿ ಹಾಕಿ ಕಳಿಸಿದ್ದನ್ನು ಸರಿಯಿಲ್ಲ ಎಂದು ವಾಪಸು ಕಳಿಸುವುದಕ್ಕೆ ನನಗೆ ಸಂಬಳ. ದಿನವಿಡೀ ಅನುಮಾನ ಪಟ್ಟು ಸಂಜೆ ಸೆರಿಟೋಸಿನ ಮನೆಗೆ ಬಂದರೆ, ಅದು ಬಟ್ಟೆಯ ಜೊತೆ ಕಳಚಿಕೊಳ್ಳುವುದಿಲ್ಲ. ಹಾಲಿನ ಡಬ್ಬದ ತಾರೀಖು ಓದದೆ ನಾನು ಕಾಫಿ ಕುಡಿದವನಲ್ಲ. ಲಿಫ್ಟಿನಲ್ಲಿ ಎಷ್ಟು ಜನ ಹತ್ತಬಹುದು ಎಂದು ಬರೆದಿರುತ್ತದಲ್ಲ, ಅಲ್ಲಿರುವವರ ಗಾತ್ರ ನೋಡಿ ಇಳಿದು ಮೆಟ್ಟಿಲು ಹತ್ತಿದ್ದೂ ಉಂಟು.

ಇಂಥವನ ಹೆಂಡತಿಗೆ ಹಿಮದ ಬೆಟ್ಟ ಹತ್ತುವ ಆಸೆಯಾದರೆ ಏನಾಗಬೇಡ?

ವಸುಧಾ ಡಾಕ್ಟರು. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವವಳು. ನಮ್ಮದು ಮೈಸೂರು, ಅವಳದು ಧಾರವಾಡ. ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ಅವಳ ಮಾತು ಧಾರವಾಡ ಬಿಟ್ಟು ಕದಲಿಲ್ಲ. ಎರಡು ಚಳಿಗಾಲದಿಂದ ತನ್ನ ಗೆಳತಿ ಕ್ಯಾರೊಲ್ ಜೊತೆ ಸ್ಕೀಯಿಂಗ್ ಕಲಿಯುತ್ತಿದ್ದಳು. ಅದು ನನಗೆ ಅಷ್ಟೇನೂ ತೊಂದರೆ ಕೊಟ್ಟಿರಲಿಲ್ಲ. ಕುರ್ಚಿಯ ಲಿಫ್ಟಿನಲ್ಲಿ ಮೇಲೆ ಹೋಗುತ್ತಾರೆ, ಜಾರಿಕೊಂಡು ಕೆಳಗೆ ಬರುತ್ತಾರೆ, ನಾನು ಕೆಳಗೆ ಕಿಟಕಿ ಪಕ್ಕ ಕೂತು ಬಿಸಿ ಚಾಕೊಲೇಟ್ ಕುಡಿಯುತ್ತಾ ಲಿಫ್ಟಿನ ಕೇಬಲ್ಲಿನ ಮೇಲೆ ಅನುಮಾನ ಪಡುತ್ತಿದ್ದೆ. ಅವಳು ಕಣ್ಣಿಗೆ ಕಾಣುತ್ತಿದ್ದಳು. ಅಷ್ಟು ಸಾಕಾಗಿತ್ತು.

ಈ ಸಲದ್ದು ಬೇರೆ. ಇದಕ್ಕೆ ಸ್ಕೀ ಟೂರಿಂಗ್ ಎಂದು ಹೆಸರು. ಹಾಗಂದರೆ ಏನು ಅಂತೀರಾ? ನಾನೂ ಅದನ್ನೇ ಕೇಳಿದೆ. ಲಿಫ್ಟೂ ಇಲ್ಲ, ಕುರ್ಚಿಯೂ ಇಲ್ಲ. ಸ್ಕೀ ಹಲಗೆಯ ಅಡಿಗೆ ಜಾರದಂತೆ ಒಂದು ಪಟ್ಟಿ ಅಂಟಿಸಿಕೊಂಡು, ಹಿಮ್ಮಡಿ ಎತ್ತಿ ಎತ್ತಿ ನಡೆಯುತ್ತಾ ಸ್ವಂತ ಕಾಲಿನಲ್ಲೇ ಬೆಟ್ಟ ಹತ್ತಬೇಕು. ಮೇಲೆ ಹೋದ ಮೇಲೆ ಪಟ್ಟಿ ಕಿತ್ತು, ಹಿಮ್ಮಡಿಯನ್ನು ಬಿಗಿ ಮಾಡಿಕೊಂಡು ಜಾರಿ ಇಳಿಯಬೇಕು. ರಸ್ತೆ ಇಲ್ಲ, ಅಂಗಡಿ ಇಲ್ಲ, ಫೋನ್ ಇಲ್ಲ. ರಾತ್ರಿ ಹಿಮದ ಮೇಲೆ ಟೆಂಟು. ಸ್ಯಾನ್ ಡಿಯಾಗೋದ ಟೊರ್ರಿ ಪೈನ್ಸ್‌ನಲ್ಲಿ ಕ್ಯಾರೊಲ್ ಕೆಲಸ ಮಾಡುವ ಲ್ಯಾಬಿನವರ ಒಂದು ಗುಂಪು ಪ್ರತಿ ವಸಂತದಲ್ಲೂ ಹೀಗೆ ಸಿಯೆರಾ ಬೆಟ್ಟಕ್ಕೆ ಹೋಗುತ್ತದೆ. ಈ ವರ್ಷ ಯಾರೋ ಬರುವುದಿಲ್ಲ ಎಂದರಂತೆ. ಒಂದು ಜಾಗ ಖಾಲಿ. ಹೋದರೆ ಈ ಸಲ. ಮುಂದಿನ ಸಲ ಜಾಗ ಸಿಗುವ ಭರವಸೆ ಇಲ್ಲ.

"ಇದೆಲ್ಲಾ ಯಾತಕ್ಕೆ ವಸು?" ಎಂದೆ.

"ನಾ ದಿನಾ ಬೆಳಗಾದ್ರ ಮಂದಿನ್ನ ಮಲಗಸ್ತೀನಿ," ಎಂದಳು. "ಕಿಟಕಿ ಇಲ್ಲದ ಖೋಲಿ. ಒಂದ್ ಮೂರ್ ದಿವಸ ನಾ ಎಚ್ಚರ ಇದ್ದ್ ನೋಡ್ತೀನಲ್ರಿ."

ಇದಕ್ಕೆ ಏನು ಹೇಳುತ್ತೀರಿ? ಬೇಡ ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ. ನನ್ನ ಮಂಡಿ ಸರಿಯಿಲ್ಲ, ಜೊತೆಗೆ ಹೋಗುವ ಮಾತೇ ಇಲ್ಲ. ಅವಳು ನನ್ನ ಕಣ್ಣಿಗೆ ಬೀಳದ ಕಡೆ, ನಾನು ಕಾರಿನಲ್ಲಿ ಹೋಗಿ ಕರೆದುಕೊಂಡು ಬರಲಾಗದ ಕಡೆ ಹೋಗುವುದು ಇದೇ ಮೊದಲು. ಹೆದರಿಕೆಯಾಯಿತು. ಹೆದರಿಕೆಯಾಗುತ್ತಿದೆ ಎಂದು ಹೇಳುವ ಗಂಡಸು ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ. ಆದ್ದರಿಂದ, "ಆಯ್ತು, ಬೂಟು ಮಾತ್ರ ನಾನು ಆರಿಸ್ತೀನಿ," ಎಂದೆ.

ಪಾಪ, ಅವಳು ಖುಷಿಯಿಂದ ಒಪ್ಪಿಕೊಂಡಳು.

ಟೂರಿಂಗ್ ಬೂಟು ಆರಿಸುವುದು ಹೆಣ್ಣು ನೋಡುವುದಕ್ಕಿಂತ ಕಷ್ಟ ಎಂದು ನನಗೆ ಆಮೇಲೆ ಗೊತ್ತಾಯಿತು. ಮೂರು ವಿಷಯ, ಮೂರಕ್ಕೂ ಒಂದಕ್ಕೊಂದು ಆಗಿಬರುವುದಿಲ್ಲ. ಹತ್ತುವಾಗ ಬೂಟು ಹಗುರ ಇರಬೇಕು, ಯಾಕೆಂದರೆ ಬೆನ್ನಿಗೆ ಹೊತ್ತದ್ದಕ್ಕಿಂತ ಕಾಲಿಗೆ ಕಟ್ಟಿಕೊಂಡದ್ದು ಬೇಗ ಸುಸ್ತು ಮಾಡುತ್ತದೆ. ಇಳಿಯುವಾಗ ಬೂಟು ಗಡಸು ಇರಬೇಕು, ಇಲ್ಲದಿದ್ದರೆ ಸ್ಕೀ ಕಾಲಿನ ಮಾತು ಕೇಳುವುದಿಲ್ಲ. ಹಗುರವಾದದ್ದು ಮೆತ್ತಗಿರುತ್ತದೆ, ಗಡಸಾದದ್ದು ಭಾರ ಇರುತ್ತದೆ. ಇದರ ಮೇಲೆ ಮೂರನೆಯದು ಬೈಂಡಿಂಗ್. ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ. ಬೂಟಿನ ಅಟ್ಟೆಗೂ ಆ ಕೊಂಡಿಗೂ ಹೊಂದಿಕೆಯಾಗಬೇಕು. ಬಿದ್ದಾಗ ಅದು ಟಪ್ ಎಂದು ಬಿಟ್ಟುಕೊಳ್ಳಬೇಕು, ಬೀಳದಿದ್ದಾಗ ಬಿಡಬಾರದು. ಎಷ್ಟು ಎಳೆದರೆ ಬಿಡಬೇಕು ಎಂದು ಹೊಂದಿಸಲು ಅದರ ಮೇಲೆ ಒಂದು ಸ್ಕ್ರೂ, ಪಕ್ಕದಲ್ಲಿ ಅಂಕಿ.

ಮೊದಲನೆಯ ಶನಿವಾರ ನೋಡಿದ ಬೂಟು ತೂಕದಲ್ಲಿ ಫೇಲ್. ಆ ಕಥೆ ಆಗಲೇ ಹೇಳಿದೆ.

ಮುಂದಿನ ಶನಿವಾರ ಹಗುರವಾದದ್ದೊಂದನ್ನು ರಿಕ್ ತಂದಿಟ್ಟ. ವಸುಧಾ ಬಕಲ್ ಹಾಕಿಕೊಂಡು ಮುಂದಕ್ಕೆ ಬಾಗಿದಳು. "ಛಲೋ ಅದ," ಎಂದಳು. ನಾನು ಇನ್ನೊಂದು ಸಲ ಬಾಗು ಎಂದೆ. ಮತ್ತೆ ಬಾಗಿದಳು. ನಾನು ನೆಲದ ಮೇಲೆ ಕೂತು ಪ್ಲಾಸ್ಟಿಕ್ ಎಲ್ಲಿ ಉಬ್ಬುತ್ತದೆ ಎಂದು ಬೆರಳಿಟ್ಟು ನೋಡಿದೆ. ಉಬ್ಬಿತು. "ಅಂಗಡಿಯ ಬೆಚ್ಚಗಿನಲ್ಲಿ ಹೀಗೆ ಬಾಗುತ್ತಲ್ಲ, ಚಳಿಯಲ್ಲಿ ಇದೇ ಪ್ಲಾಸ್ಟಿಕ್ ಸೀಳಿದರೆ?" ಎಂದು ರಿಕ್‌ನನ್ನು ಕೇಳಿದೆ. ಸೀಳುವುದಿಲ್ಲ ಎಂದ. ಸೀಳುವುದಿಲ್ಲ ಎಂದು ಯಾರು ಹೇಳಿದ್ದು ಎಂದೆ. ಮಾಡಿದವರೇ ಹೇಳಿದ್ದಾರೆ ಎಂದ. ಮಾಡಿದವರು ಇನ್ನೇನು ಹೇಳುತ್ತಾರೆ ಸ್ವಾಮೀ!

ಅದರ ಮುಂದಿನ ವಾರ ಗಡಸಾದದ್ದು. ಅದರಲ್ಲಿ ಬೆರಳು ಒತ್ತುತ್ತಿತ್ತು. ಆಮೇಲೆ ಇನ್ನೊಂದು. ಅದರ ಹಿಮ್ಮಡಿ ಒಂದು ಕೂದಲೆಳೆ ಮೇಲೇಳುತ್ತಿತ್ತು. ಹಿಮ್ಮಡಿ ಎದ್ದರೆ ಬೂಟು ಕಚ್ಚುತ್ತದೆ, ಕಚ್ಚಿದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದರೆ ಆ ಹಿಮದಲ್ಲಿ ಇವಳನ್ನು ಹೊತ್ತು ತರುವವರು ಯಾರು? ರಿಕ್ ನಮ್ಮನ್ನು ಕಂಡರೆ ಹಿಂದಿನ ಕೋಣೆಗೆ ಹೋಗತೊಡಗಿದ. ನನ್ನನ್ನು ನೋಡಿ ಓಡುತ್ತಾನೆಂದರೆ ಅವನ ಮನಸ್ಸಿನಲ್ಲಿ ಏನೋ ಇದೆ ಎಂದು ನನಗೆ ಇನ್ನಷ್ಟು ಅನುಮಾನ.

ಹೀಗೇ ಮಾರ್ಚ್ ಮುಗಿಯುತ್ತಾ ಬಂತು. ಒಂದು ಶನಿವಾರ ಬರಿಗೈಯಲ್ಲಿ ವಾಪಸು ಬರುವಾಗ, ಫ್ರೀವೇಯಲ್ಲಿ ಕಾರುಗಳು ಸಾಲುಗಟ್ಟಿ ನಿಂತಿದ್ದವು. ವಸುಧಾ ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ನನ್ನ ಕಡೆ ತಿರುಗಿ ಹೇಳಿದಳು.

"ಒಂದ್ ಮಾತ್ ಹೇಳ್ಲೇನು? ನೀವು ಬೂಟ್ ಆರಸ್ಲಿಕ್ಕೆ ಹತ್ತಿಲ್ಲ. ಹಿಮಾ ಕರಗಲಿ ಅಂತ ಕಾಯ್ಲಿಕ್ಕೆ ಹತ್ತೀರಿ."

"ಏನು ಮಾತು ಅಂತ ಆಡ್ತೀಯಾ! ನಿನ್ನ ಕಾಲಿನ ವಿಷಯ, ಹುಡುಗಾಟ ಅಲ್ಲ," ಎಂದೆ.

"ಕಾಲು ನಂದು," ಎಂದಳು. ಅಷ್ಟೇ. ಮತ್ತೆ ಕಿಟಕಿಯ ಕಡೆ ತಿರುಗಿದಳು.

ಮುಂದಿನ ಎಕ್ಸಿಟ್‌ನಲ್ಲಿ ಕಾರು ಇಳಿಸಿ, ತಿರುಗಿಸಿಕೊಂಡು ಮತ್ತೆ ಅಂಗಡಿಗೆ ಹೋದೆ. ಎರಡನೆಯ ವಾರ ನೋಡಿದ್ದೆವಲ್ಲ, ಅವಳು ಛಲೋ ಅದ ಎಂದಿದ್ದ ಬೂಟು, ಅದನ್ನೇ ಕೊಂಡೆವು. ಬೈಂಡಿಂಗ್ ಬಗ್ಗೆ ಕೇಳಿದೆ. ಸ್ಕೀ ಕ್ಯಾರೊಲ್ ಕೊಡುತ್ತಾಳೆ, ಹಳೆಯದು, ಅದಕ್ಕೆ ಹಿಡಿಸುತ್ತದೆಯೇ ಎಂದು. "ಎಲ್ಲದಕ್ಕೂ ಹಿಡಿಸುತ್ತೆ, ನೋ ಪ್ರಾಬ್ಲಮ್," ಎಂದ ರಿಕ್. ನಾವು ಹೊರಗೆ ಹೋದರೆ ಸಾಕಾಗಿತ್ತು ಅವನಿಗೆ. ಹೋಗುವಾಗ ಇನ್ನೊಂದು ಮಾತು ಹೇಳಿದ. ಬೂಟನ್ನು ಒಂದು ವಾರ ಮನೆಯೊಳಗೆ ಕಾರ್ಪೆಟ್ ಮೇಲೆ ಹಾಕಿಕೊಂಡು ಓಡಾಡಿ, ಒಳಬೂಟು ಕಾಲಿಗೆ ಹೊಂದಿಕೊಳ್ಳಬೇಕು. ಸರಿಯಾಗದಿದ್ದರೆ ವಾಪಸು ತೆಗೆದುಕೊಳ್ಳುತ್ತೇನೆ. ಆದರೆ ಹೊರಗೆ ಸಿಮೆಂಟಿನ ಮೇಲೆ ಹಾಕಿದರೆ, ಅಟ್ಟೆಗೆ ಒಂದು ಗೀರು ಬಿದ್ದರೂ ವಾಪಸು ಇಲ್ಲ.

ನನ್ನ ಮನಸ್ಸಿನಲ್ಲಿ ಸಣ್ಣಗೆ ದೀಪ ಹತ್ತಿತು.

ನಮ್ಮ ಮನೆಯೊಳಗೆ ಬೂಟೇ? ಅಮ್ಮ ಮೈಸೂರಿನಿಂದ ಬಂದು ಆರು ತಿಂಗಳಾಗಿತ್ತು. ಬಂದ ದಿನವೇ ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡ್ ಇಡಿಸಿದ್ದಳು. ಟಾಯ್ಲೆಟ್ ರಿಪೇರಿಗೆ ಬಂದ ಪ್ಲಂಬರ್‌ನನ್ನು ಸಾಕ್ಸಿನಲ್ಲಿ ಕೆಲಸ ಮಾಡಿಸಿದ ಹೆಂಗಸು. ಆತ ಗೊಣಗಿದ್ದಕ್ಕೆ ಕೈಗೆ ಕೋಡುಬಳೆ ಕೊಟ್ಟು ಬಾಯಿ ಮುಚ್ಚಿಸಿದ್ದಳು. ಇನ್ನು ಸೊಸೆ ಹಿಮದ ಬೂಟು ಹಾಕಿಕೊಂಡು ಹಾಲಿನಲ್ಲಿ ದಡದಡ ಓಡಾಡುವುದಕ್ಕೆ ಬಿಟ್ಟಾಳೆಯೇ? ಒಳಗೆ ಹಾಕುವಂತಿಲ್ಲ, ಹೊರಗೆ ಹಾಕುವಂತಿಲ್ಲ. ಬೂಟು ಪಳಗುವುದಿಲ್ಲ, ಪಳಗದ ಬೂಟಿನಲ್ಲಿ ಬೆಟ್ಟ ಹತ್ತಲಾಗುವುದಿಲ್ಲ. ನಾನಂತೂ ಬೇಡ ಎನ್ನಲಿಲ್ಲವಲ್ಲ!

ಮನೆಗೆ ಬಂದವನೇ ಅಮ್ಮನಿಗೆ ಸವಿಸ್ತಾರವಾಗಿ ಹೇಳಿದೆ. ಕಾರ್ಪೆಟ್ ಮೇಲೆ, ಮನೆಯೊಳಗೆ, ಬೂಟು ಎಂಬ ಮೂರು ಮಾತನ್ನು ಒತ್ತಿ ಒತ್ತಿ ಹೇಳಿದೆ.

ಅಮ್ಮ ಒಂದು ಬೂಟನ್ನು ಕೈಗೆತ್ತಿಕೊಂಡಳು. ತಲೆಕೆಳಗು ಮಾಡಿ ಅಟ್ಟೆ ನೋಡಿದಳು. ಬೆರಳಿನಿಂದ ತಿಕ್ಕಿ ಮೂಸಿಯೂ ನೋಡಿದಳು. (ನನ್ನ ಅನುಮಾನ ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತಲ್ಲ?)

"ಇದನ್ನ ಯಾರಾದ್ರೂ ಬೀದೀಲಿ ಹಾಕ್ಕೊಂಡಿದ್ರೇನೋ ನಾಣಿ?"

"ಇಲ್ಲ, ಹೊಚ್ಚಹೊಸದು."

"ಬೀದಿಯ ಮುಖಾನೇ ನೋಡದ ಚಪ್ಪಲಿಗೆ ಕೊಳೆ ಎಲ್ಲಿಂದ ಬಂತೋ? ಇದು ಇನ್ನೂ ಪಾತ್ರೆ ಇದ್ದ ಹಾಗೆ ಕಣೋ," ಎಂದಳು. ಎದ್ದು ಹೋಗಿ ತನ್ನ ಎರಡು ಹಳೆಯ ನೂಲಿನ ಸೀರೆಗಳನ್ನು ತಂದು, ಹಾಲಿನ ಈ ಗೋಡೆಯಿಂದ ಆ ಗೋಡೆಯವರೆಗೆ ಉದ್ದಕ್ಕೆ ಹಾಸಿದಳು. "ಇದರ ಮೇಲೆ ಓಡಾಡಮ್ಮ ವಸು. ದೇವರ ಗೂಡಿನ ಕಡೆ ಮಾತ್ರ ಬರಬೇಡ."

ಕೋರ್ಟು ಮುಗಿಯಿತು. ಅಪೀಲೂ ಇಲ್ಲ.

ಅವತ್ತಿನಿಂದ ಪ್ರತಿ ಸಂಜೆ ವಸುಧಾ ಆಸ್ಪತ್ರೆಯಿಂದ ಬಂದು, ಸೀರೆ ಉಟ್ಟು, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅದರ ಕೆಳಗೆ ಬೂಟು ಹಾಕಿಕೊಂಡು ಹಾಲಿನಲ್ಲಿ ಹಿಂದೆ ಮುಂದೆ ನಡೆಯುತ್ತಿದ್ದಳು. ಅಮ್ಮ ಸೋಫಾದಲ್ಲಿ ಕೂತು ಬೀನ್ಸ್ ಸೋಸುತ್ತಾ, "ಬೆನ್ನು ನೆಟ್ಟಗೆ ಮಾಡು... ಹಾಂ, ಈಗ ಸರಿ," ಎಂದು ಹೇಳಿಕೊಡುತ್ತಿದ್ದಳು. ಹಿಮವನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡವಳು! ಕಾಲೇಜಿನಲ್ಲಿರುವ ಮಗಳಿಗೆ ಫೋನ್ ಮಾಡಿ ನನ್ನ ದುಃಖ ತೋಡಿಕೊಂಡೆ. ಅವಳು ಎಂದಿನಂತೆ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. "ಡ್ಯಾಡ್, ಜಸ್ಟ್ ಲೆಟ್ ಹರ್ ಗೋ."

ಹೊರಡುವ ವಾರ ಟೊರ್ರಿ ಪೈನ್ಸ್‌ಗೆ ಹೋಗಿ ಸ್ಕೀ ತಂದೆವು. ಲ್ಯಾಬಿನ ಪಾರ್ಕಿಂಗ್ ಲಾಟಿನಲ್ಲಿ, ಸಮುದ್ರದ ಗಾಳಿಯಲ್ಲಿ, ಕ್ಯಾರೊಲ್ ತನ್ನ ಹಳೆಯ ಸ್ಕೀಗಳನ್ನೂ ಅದರ ಜೊತೆ ತಾನು ಹಿಂದೆ ಹಾಕುತ್ತಿದ್ದ ಚರ್ಮದ ಬೂಟನ್ನೂ ಒಂದೇ ಚೀಲದಲ್ಲಿ ಕೊಟ್ಟಳು. ವಸುಧಾಳ ಹೊಸ ಬೂಟನ್ನು ಬೈಂಡಿಂಗಿಗೆ ಇಟ್ಟು ಒತ್ತಿದಳು. ಟಕ್ ಎಂದಿತು. "ಪರ್ಫೆಕ್ಟ್!" ಎಂದು ಇಬ್ಬರೂ ಕೈ ತಟ್ಟಿಕೊಂಡರು. ನಾನೂ ನಕ್ಕೆ. ನನಗೂ ಸಾಕಾಗಿತ್ತು.

ಆದರೆ ಟಕ್ ಎಂದದ್ದು ಹಿಡಿದುಕೊಂಡ ಸದ್ದು. ಬಿಟ್ಟುಕೊಳ್ಳುವ ಸದ್ದನ್ನು ಯಾರು ಕೇಳಿದ್ದಾರೆ?

ನಾಳೆ ಬೆಳಗ್ಗೆ ಹೊರಡಬೇಕು ಎನ್ನುವ ದಿನ, ಮಧ್ಯಾಹ್ನವೇ ಕೆಲಸದಿಂದ ಬಂದು ಗರಾಜಿಗೆ ಹೋದೆ. ಸ್ಕೀಯನ್ನು ಬೆಂಚಿನ ಇಕ್ಕಳಕ್ಕೆ ಬಿಗಿದೆ. ಹೊಸ ಬೂಟಿನೊಳಗೆ ಮರದ ತುಂಡೊಂದನ್ನು ತುರುಕಿ ಬೈಂಡಿಂಗಿಗೆ ಕೂರಿಸಿದೆ. ಮೂತಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ತಕ್ಕಡಿಯ ಕೊಕ್ಕೆ ಹಾಕಿ, ಬದಿಗೆ ಎಳೆದೆ. ಮುಳ್ಳು ಸರಿಯಿತು, ಇನ್ನಷ್ಟು ಸರಿಯಿತು, ಕೊನೆ ಮುಟ್ಟಿತು. ಬೂಟು ಕದಲಲಿಲ್ಲ. ಅದನ್ನು ತೆಗೆದು ಕ್ಯಾರೊಲಳ ಚರ್ಮದ ಬೂಟು ಕೂರಿಸಿ ಎಳೆದೆ. ಅರ್ಧಕ್ಕೇ ಟಪ್ ಎಂದು ಬಿಟ್ಟುಕೊಂಡಿತು. ಮತ್ತೆ ಹೊಸದು. ಬಿಡಲಿಲ್ಲ.

ಬಗ್ಗಿ ಟಾರ್ಚ್ ಹಾಕಿ ನೋಡಿದೆ. ಆ ಬೈಂಡಿಂಗ್ ತೆಳು ಅಟ್ಟೆಯ ಬೂಟಿಗೆ ಮಾಡಿದ್ದು. ಹೊಸ ಬೂಟಿನ ಅಟ್ಟೆ ದಪ್ಪ ರಬ್ಬರು. ಮೂತಿಯ ಕಡೆ ಕೊಂಡಿಯ ಅಡಿಗೆ ಅದು ಇರುಕಿಕೊಂಡು ಕಚ್ಚಿ ಕೂತಿತ್ತು. ಎತ್ತರ ಹೊಂದಿಸುವ ಏರ್ಪಾಟು ಆ ಹಳೆಯ ಬೈಂಡಿಂಗಿನಲ್ಲಿ ಇರಲೇ ಇಲ್ಲ. ಬಿದ್ದಾಗ ಸ್ಕೀ ತಿರುಚಿಕೊಂಡರೆ ಬೂಟೂ ತಿರುಚುತ್ತದೆ, ಅದರೊಳಗಿನ ಕಾಲೂ ತಿರುಚುತ್ತದೆ. ಮೂಳೆ ಉಳಿಯುವುದಿಲ್ಲ. ಅದೂ ರಸ್ತೆಯಿಂದ ಒಂದು ದಿನದ ದಾರಿಯಲ್ಲಿ.

ಒಳಗೆ ಓಡಿದೆ. ವಸುಧಾ ಹಾಲಿನಲ್ಲಿ ಬ್ಯಾಕ್‌ಪ್ಯಾಕ್ ತುಂಬುತ್ತಿದ್ದಳು. ಅಮ್ಮ ಚಟ್ನಿಪುಡಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟುತ್ತಿದ್ದಳು.

"ವಸು, ಬೈಂಡಿಂಗ್ ಸರಿಯಿಲ್ಲ. ಬೂಟು ಬಿಡ್ತಿಲ್ಲ."

ಅವಳು ತಲೆಯೆತ್ತಲೂ ಇಲ್ಲ. "ಇನ್ನೂ ಯಾಕ ಬರಲಿಲ್ಲ ಅಂತ ಹಾದಿ ನೋಡ್ಲಿಕ್ಕೆ ಹತ್ತಿದ್ದೆ," ಎಂದಳು.

"ಸಾಕು ಬಿಡೋ ನಾಣಿ," ಎಂದಳು ಅಮ್ಮ. "ಹೊರಟು ನಿಂತವಳಿಗೆ ಅಪಶಕುನ ನುಡೀಬೇಡ."

"ಅಯ್ಯೋ ಈ ಸಲ ನಿಜ ಕಣಮ್ಮ!"

ಹಾಗೆಂದ ಮೇಲೆ ನನಗೇ ಕೇಳಿಸಿತು. ಈ ಸಲ ನಿಜ. ಹಾಗಾದರೆ ಇಷ್ಟು ಸಲ?

"ನೀನೇ ಬಂದು ಎಳೆದು ನೋಡು," ಎಂದೆ.

ವಸುಧಾ ಕೈಯಲ್ಲಿದ್ದ ಸ್ವೆಟರ್ ಕೆಳಗಿಟ್ಟು ನನ್ನನ್ನು ನೋಡಿದಳು. "ನಾ ಎಳದರ ಏನ್ ಗೊತ್ತಾಗ್ತದರಿ? ಗರಾಜಿನೊಳಗ ಇಷ್ಟ್ ಹೊತ್ತು ಒಬ್ಬರ ಇದ್ರಿ. ಸ್ಕ್ರೂ ನೀವ ಬಿಗಿ ಮಾಡಿದ್ರ?"

ನಾನು ಬಾಗಿಲಿನಲ್ಲೇ ನಿಂತುಬಿಟ್ಟೆ. ಫ್ಯಾಕ್ಟರಿಯಲ್ಲಿ ನಾನು ತಿರಸ್ಕರಿಸಿದ ಮಾಲಿನವರು ನನಗೆ ಏನೇನೋ ಅಂದಿದ್ದಾರೆ. ಮೋಸಗಾರ ಎಂದು ಯಾರೂ ಅಂದಿಲ್ಲ. ನನ್ನ ಹೆಂಡತಿ ನನ್ನನ್ನು ನಂಬುವುದಿಲ್ಲ ಎಂಬುದು ಬೈಂಡಿಂಗಿಗಿಂತ ಹೆಚ್ಚು ನೋಯಿಸಿತು. ಕೋಪವೂ ಬಂತು, ಅಳುವೂ ಬಂತು. ಅವಳು ಹಾಗೆಂದದ್ದರಲ್ಲಿ ತಪ್ಪೇನು ಎಂದು ಹುಡುಕಿದೆ. ಸಿಗಲಿಲ್ಲ.

"ಕ್ಯಾರೊಲ್‌ಗೆ ಫೋನ್ ಮಾಡು," ಎಂದೆ. "ಸ್ಕ್ರೂ ಎಷ್ಟರಲ್ಲಿ ಇಟ್ಟು ಕೊಟ್ಟಿದ್ದಳು ಅಂತ ಅವಳ ಬಾಯಲ್ಲೇ ಕೇಳು. ಆಮೇಲೆ ಬಂದು ನೋಡು."

ಫೋನ್ ಮಾಡಿದಳು. ನಿಜವಾಗಿ ಮಾಡಿದಳು! ಕ್ಯಾರೊಲ್ ಹೇಳಿದ ಅಂಕಿಯನ್ನು ಬಾಯಲ್ಲೇ ಹೇಳಿಕೊಳ್ಳುತ್ತಾ ಗರಾಜಿಗೆ ಬಂದಳು. ಕನ್ನಡಕ ಹಾಕಿಕೊಂಡು ಸ್ಕ್ರೂವಿನ ಪಕ್ಕದ ಗುರುತು ನೋಡಿದಳು. ಅದೇ ಅಂಕಿ. ಇಕ್ಕಳ ನೋಡಿದಳು, ಹಗ್ಗ ನೋಡಿದಳು, ಮರದ ತುಂಡನ್ನು ಹೊರಗೆ ತೆಗೆಸಿ ಮತ್ತೆ ಹಾಕಿಸಿದಳು. ನನಗಿಂತ ಒಳ್ಳೆಯ ಇನ್ಸ್‌ಪೆಕ್ಟರ್. ಆಮೇಲೆ ತಾನೇ ಚರ್ಮದ ಬೂಟು ಕೂರಿಸಿ ಎಳೆದಳು. ಟಪ್. ತನ್ನ ಬೂಟು ಕೂರಿಸಿ ಎಳೆದಳು. ಎರಡೂ ಕೈಯಲ್ಲಿ, ಕಾಲನ್ನು ಬೆಂಚಿಗೆ ಒತ್ತಿ ಎಳೆದಳು.

ಬಿಡಲಿಲ್ಲ.

ವಾಷಿಂಗ್ ಮಷೀನಿಗೆ ಒರಗಿ ನಿಂತಳು. ಮುಖ ಬಿಳಿಚಿಕೊಂಡಿತ್ತು. ತಿರುಚಿಕೊಂಡು ಮುರಿದ ಕಾಲುಗಳು ಆಪರೇಷನ್ ಟೇಬಲ್ಲಿಗೆ ಹೇಗೆ ಬರುತ್ತವೆ ಎಂದು ಅವಳಿಗೆ ಗೊತ್ತು. ಅವರನ್ನು ಮಲಗಿಸುವವಳೇ ಅವಳು.

"ಕಾಲು ಹೋಗ್ತಿತ್ತಲ್ಲರಿ," ಎಂದಳು ಮೆಲ್ಲಗೆ. ಕನ್ನಡಕ ತೆಗೆದು, "ಈಗೇನ್ ಮಾಡೋದು? ಕ್ಯಾರೊಲ್‌ಗ ಬರೂದಿಲ್ಲ ಅಂತ ಹೇಳ್ಲಿ?"

ಓದುಗರೇ, ನಾನು ವಾರಗಟ್ಟಲೆ ಕಾದಿದ್ದ ಮಾತು ಅದು. ಅವಳ ಬಾಯಿಂದಲೇ ಬಂತು. ನಾನು ಏನೂ ಮಾಡಬೇಕಾಗಿರಲಿಲ್ಲ. ಪಾಪ ಎಂಬ ಮುಖ ಮಾಡಿಕೊಂಡು ಅರ್ಧ ಗಂಟೆ ಸುಮ್ಮನಿದ್ದರೆ ರಿಕ್‌ನ ಅಂಗಡಿ ಮುಚ್ಚುತ್ತಿತ್ತು. ಬೆಳಗ್ಗೆ ಗುಂಪು ಹೊರಟುಹೋಗುತ್ತಿತ್ತು. ಅವಳು ಮನೆಯಲ್ಲಿ ಇರುತ್ತಿದ್ದಳು. ನಾನು ಮಾಡಿದ್ದು ಸರಿಯೆಂದೂ ಆಗುತ್ತಿತ್ತು.

"ಕಾರಿನ ಕೀ ತಗೊಂಡು ಬಾ," ಎಂದೆ.

ಪ್ರೀತಿ ಉಕ್ಕಿ ಬಂತು ಎಂದು ತಿಳಿಯಬೇಡಿ. ಸ್ಕ್ರೂ ಬಿಗಿ ಮಾಡಿದವನು ನಾನಲ್ಲ ಎಂದು ಅವಳಿಗೆ ಪೂರ್ತಿ ನಂಬಿಕೆ ಬರಬೇಕಿತ್ತು. ಬೂಟನ್ನೂ ಸ್ಕೀಯನ್ನೂ ಹಿಂದೆ ಹಾಕಿಕೊಂಡು, ಶುಕ್ರವಾರ ಸಂಜೆಯ ಟ್ರಾಫಿಕ್ಕಿನಲ್ಲಿ ಇಡೀ ಊರಿಗೆ ಹಾರ್ನ್ ಮಾಡುತ್ತಾ ಹೋದೆ. ರಿಕ್ ಬಾಗಿಲಿಗೆ ಬೀಗ ಹಾಕಲು ಹೊರಟಿದ್ದ. ನನ್ನನ್ನು ನೋಡಿ ಅವನ ಮುಖ ಹೇಗಾಯಿತೆಂದು ನೀವೇ ಊಹಿಸಿಕೊಳ್ಳಿ.

ಅವನ ಎದುರೇ ಎಳೆದು ತೋರಿಸಿದೆ. ಅವನೂ ಎಳೆದ. ನೋ ಪ್ರಾಬ್ಲಮ್ ಎಂಬ ಮಾತು ಈ ಸಲ ಬರಲಿಲ್ಲ. "ಸಾರಿ ಮ್ಯಾಮ್," ಎಂದು ವಸುಧಾಳಿಗೆ ಹೇಳಿ, ಮೂತಿಯ ಎತ್ತರ ಹೊಂದಿಸಬಹುದಾದ ಹೊಸ ಟೂರಿಂಗ್ ಬೈಂಡಿಂಗ್ ತೆಗೆದು, ಹಳೆಯದನ್ನು ಬಿಚ್ಚಿ ಅದನ್ನು ಕೂರಿಸಿದ. ಪ್ರತಿಯೊಂದು ಸ್ಕ್ರೂ ತಿರುಗಿಸುವಾಗಲೂ ನಾನು ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದೆ. ಕೊನೆಗೆ ತಕ್ಕಡಿ ಹಾಕಿ ಎಳೆದೆ. ಟಪ್. ಎಡಕ್ಕೆ ಟಪ್, ಬಲಕ್ಕೆ ಟಪ್. ಇನ್ನೊಂದು ಸ್ಕೀ ತೆಗೆದುಕೊಂಡು ಅದನ್ನೂ ಎಳೆದೆ. ಅದೂ ಬಿಟ್ಟಿತು.

ವಾಪಸು ಬರುವಾಗ ವಸುಧಾ ಗೇರಿನ ಮೇಲಿದ್ದ ನನ್ನ ಕೈಯ ಮೇಲೆ ಕೈ ಇಟ್ಟಳು. ನಾನು ರಸ್ತೆ ನೋಡುತ್ತಾ ಕಾರು ಓಡಿಸಿದೆ. ಬಾಯಿ ಬಿಟ್ಟರೆ ಇನ್ನೊಂದು ಅನುಮಾನ ಹೊರಗೆ ಬರುತ್ತಿತ್ತು.

ಬೆಳಗ್ಗೆ ಹೋದಳು. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ಅಮ್ಮ ಕೈ ಬೀಸುತ್ತಿದ್ದಳು.

ನಮ್ಮ ಕಡೆ ಯಾರೇ ಎಲ್ಲಿಗೆ ಹೊರಟರೂ, ತಲುಪಿದ ತಕ್ಷಣ ಫೋನ್ ಮಾಡು ಎನ್ನುತ್ತೇವೆ. (ಇಲ್ಲಿ ಅದಕ್ಕೂ ಒಂದು ಉಪಾಯ ಇದೆ. ಆಪರೇಟರ್ ಮೂಲಕ, ಎತ್ತಿಕೊಂಡವರೇ ದುಡ್ಡು ಕೊಡುವ ಕಲೆಕ್ಟ್ ಕಾಲ್ ಮಾಡಿಸುವುದು, ಈ ಕಡೆಯವರು ಬೇಡ ಎಂದು ಇಡುವುದು. ತಲುಪಿದ್ದೂ ಗೊತ್ತಾಯಿತು, ಕಾಸೂ ಉಳಿಯಿತು.) ಹಿಮದ ಬೆಟ್ಟದಲ್ಲಿ ಆಪರೇಟರ್ ಎಲ್ಲಿ? ಆ ಮೂರು ದಿನ ಫೋನ್ ಪಕ್ಕದಲ್ಲೇ ಕೂತಿದ್ದೆ. ಟೀವಿಯಲ್ಲಿ ಹವಾಮಾನ ಹೇಳುವವನ ನಗು ನೋಡಿ ಅವನ ಮೇಲೂ ಅನುಮಾನ ಬಂತು. ಬಿಸಿಲಿದೆ ಎನ್ನುತ್ತಾನೆ, ಇಷ್ಟು ನಗು ಯಾಕೆ? ಅಮ್ಮ ಅನ್ನ ಬಡಿಸಿ, "ಉಣ್ಣೋ, ಅವಳು ನಿನಗಿಂತ ಗಟ್ಟಿ," ಎಂದಳು. ಕ್ಯಾರೊಲ್ ದಾರಿ ತಪ್ಪಿಸಿದ್ದಾಳೆ ಎಂದೂ, ಟೆಂಟು ಹರಿದಿದೆ ಎಂದೂ, ಒಳಬೂಟು ನೆಂದು ಕಾಲು ಮರಗಟ್ಟಿದೆ ಎಂದೂ ಒಂದಾದ ಮೇಲೊಂದು ಕಣ್ಣ ಮುಂದೆ ಬರುತ್ತಿದ್ದವು. ಬೂಟು ಕಚ್ಚಿ ಹಿಮ್ಮಡಿ ಕಿತ್ತುಹೋಗಿರುವುದಂತೂ ಖಂಡಿತ ಎಂದುಕೊಂಡಿದ್ದೆ. ಹಿಮ್ಮಡಿ ಏಳುತ್ತದೆ ಎಂದು ಮೊದಲೇ ಹೇಳಿದ್ದೆನಲ್ಲ? (ಹೇಳಿದ್ದು ಬೇರೆ ಬೂಟಿನ ಬಗ್ಗೆ ಎಂಬುದು ಆಗ ನೆನಪಾಗಲಿಲ್ಲ.) ಡೆಟಾಲ್, ಹತ್ತಿ, ಬ್ಯಾಂಡೇಜ್ ಎಲ್ಲ ತಂದು ಟೀಪಾಯಿಯ ಮೇಲೆ ಜೋಡಿಸಿಟ್ಟೆ.

ಮೂರನೆಯ ದಿನ ಸಂಜೆ ವ್ಯಾನಿನ ಸದ್ದಾಯಿತು. ವಸುಧಾ ಬಾಗಿಲ ಹೊರಗೆ ಬೂಟು ಬಿಚ್ಚಿಟ್ಟು ಒಳಗೆ ಬಂದಳು. ಮೂಗು ಸುಟ್ಟು ಕೆಂಪಾಗಿತ್ತು, ಕನ್ನಡಕದ ಜಾಗ ಬಿಟ್ಟು ಮುಖವೆಲ್ಲ ಕಪ್ಪಾಗಿತ್ತು. ಬಿದ್ದಳಂತೆ, ಇಳಿಯುವಾಗ ಒಂದು ಸಲ, ತಲೆಕೆಳಗಾಗಿ. ಬೈಂಡಿಂಗ್ ಬಿಟ್ಟಿತಂತೆ. ಎದ್ದು ಹಿಮ ಕೊಡವಿಕೊಂಡು ಮತ್ತೆ ಹೊರಟಳಂತೆ. ಮೇಲಿನಿಂದ ಕಂಡ ಬೆಳಗನ್ನು ಅಮ್ಮನಿಗೆ ಕೈ ತಿರುಗಿಸಿ ತಿರುಗಿಸಿ ಹೇಳುತ್ತಿದ್ದಳು. ಅಷ್ಟು ಮಾತಾಡಿದ್ದನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ನಾನು ನೆಲದ ಮೇಲೆ ಕೂತು ಅವಳ ಸಾಕ್ಸ್ ಎಳೆದೆ.

"ನೋಡ್ರಿ, ನೋಡ್ರಿ. ಸಾವಕಾಶ ನೋಡ್ರಿ," ಎಂದು ಕಾಲು ಚಾಚಿದಳು.

ಹಿಮ್ಮಡಿ ನೋಡಿದೆ. ಬೆರಳು ಬಿಡಿಸಿ ನೋಡಿದೆ. ಕಣಕಾಲು ಒತ್ತಿದೆ, ನೋವಿಲ್ಲ ಎಂದಳು. ಇನ್ನೊಂದು ಕಾಲನ್ನೂ ದೀಪದ ಕಡೆ ತಿರುಗಿಸಿ ನೋಡಿದೆ. ಒಂದು ಬೊಬ್ಬೆ ಇಲ್ಲ. ಒಂದು ಗೀರಿಲ್ಲ. ಉಗುರು ಕೂಡ ಕಪ್ಪಾಗಿಲ್ಲ.

"ಎಲ್ಲಾ ಬರೋಬ್ಬರಿ ಅದನೋ ಇಲ್ಲೋ?"

"ಸರಿಯಾಗಿದೆ," ಎಂದೆ.

ವಸುಧಾ ಮುಂದಕ್ಕೆ ಬಾಗಿ ನನ್ನನ್ನೇ ನೋಡಿದಳು.

"ಮತ್ತ ಮುಖ ಯಾಕ್ರೀ ಸಣ್ಣ ಮಾಡೀರಿ?"